ಏಳು ಸಾವಿರ ರೂಪಾಯಿಗೆ ಎಪ್ಪತ್ತೊಂಬತ್ತು ಟನ್

ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಅತಿ ದೊಡ್ಡ ಗಿರಾಕಿಯಾದ ಆಹಾರ ಕಂಪನಿಯೊಂದರಿಂದ ಹದಿನೇಳು ಪ್ರಶ್ನೆಗಳ ಒಂದು ಎಕ್ಸೆಲ್ ಕಡತ ಬಂತು. ನಾವು ನಾಲ್ವರು ಸ್ನೇಹಿತರು ಚಿಂತಾಮಣಿಯ ಹೊರವಲಯದ ಬಾಡಿಗೆ ಶೆಡ್ಡೊಂದರಲ್ಲಿ ಟೊಮೆಟೊ ಒಣಗಿಸಿ, ಪುಡಿ ಮಾಡಿ ಮಾರುವವರು. ಲೆಕ್ಕಪತ್ರದ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಇಂಥ ಕಡತಗಳೂ ನನಗೇ ಬರುತ್ತವೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿ ಕೊಡಲೇಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದ ಮೇಲೆ, ಆ ಕಂಪನಿಗಳು ತಮಗೆ ಸರಕು ಪೂರೈಸುವ ಸಣ್ಣವರಿಂದಲೂ ಲೆಕ್ಕ ಕೇಳತೊಡಗಿವೆ. ಹದಿನೇಳನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಸಂಸ್ಥೆ ಕಾರ್ಬನ್ ನ್ಯೂಟ್ರಲ್ ಆಗಿದೆಯೇ? ಹೌದಾದರೆ ಪ್ರಮಾಣಪತ್ರ ಲಗತ್ತಿಸಿ. ಅಂದರೆ, ನಾವು ಹೊರಬಿಡುವ ಇಂಗಾಲವನ್ನೆಲ್ಲ ಬೇರೆಡೆಯ ಉಳಿತಾಯದಿಂದ ಸರಿದೂಗಿಸಿದ್ದೇವೆಯೇ ಎಂಬುದು ಪ್ರಶ್ನೆ.

ಮೊದಲು ನಮ್ಮದೇ ಲೆಕ್ಕ ಹಾಕಿದೆ. ಡ್ರೈಯರ್ ಸೇರಿ ವರ್ಷಕ್ಕೆ 60,000 ಯೂನಿಟ್ ವಿದ್ಯುತ್ ಬಳಸಿದ್ದೆವು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಸರಾಸರಿಯಂತೆ ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.72 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಲ್ಲಿಗೆ 43 ಟನ್. ಬೆಂಗಳೂರಿಗೆ ಓಡಾಡುವ ಎರಡು ಟೆಂಪೊಗಳು ಕುಡಿದ ಡೀಸೆಲ್ 9,000 ಲೀಟರ್, ಲೀಟರಿಗೆ 2.68 ಕಿಲೋದಂತೆ 24 ಟನ್. ಬಿಸಿನೀರಿಗೆಂದು ತಂದ 19 ಕಿಲೋದ 200 ಸಿಲಿಂಡರುಗಳಿಂದ ಇನ್ನೂ ಹನ್ನೊಂದೂವರೆ ಟನ್. ಒಟ್ಟು 79. ಈ ಸಂಖ್ಯೆ ಕೈಗೆ ಬಂದ ವಾರದಲ್ಲಿಯೇ ಬೆಂಗಳೂರಿನ ಮಧ್ಯವರ್ತಿಯೊಬ್ಬರು ಫೋನ್ ಮಾಡಿದರು. ನಮ್ಮಂಥ ಸ್ಟಾರ್ಟಪ್‌ಗಳಿಗೆಂದೇ ಕಾರ್ಬನ್ ಕ್ರೆಡಿಟ್‌ಗಳ, ಅಂದರೆ ಬೇರೆ ಕಡೆ ಒಂದೊಂದು ಟನ್ ಇಂಗಾಲ ಉಳಿಸಿದ್ದಕ್ಕೆ ಕೊಡುವ ಪತ್ರಗಳ, ಒಂದು ಪ್ಯಾಕೇಜ್ ಇದೆಯೆಂದೂ, ಟನ್ನಿಗೆ 90 ರೂಪಾಯಿಯೆಂದೂ, ಹಣ ಕಟ್ಟಿದ ನಾಲ್ಕನೆಯ ದಿನ ಪ್ರಮಾಣಪತ್ರ ಕೈಗೆ ಬರುತ್ತದೆಂದೂ ಹೇಳಿದರು. ಎಪ್ಪತ್ತೊಂಬತ್ತನ್ನು ತೊಂಬತ್ತರಿಂದ ಗುಣಿಸಿದರೆ 7,110 ರೂಪಾಯಿ. ಶೆಡ್ಡಿನ ಒಂದು ವಾರದ ಚಹಾ ತಿಂಡಿಯ ಖರ್ಚಿಗಿಂತ ಅಷ್ಟೇನೂ ಹೆಚ್ಚಲ್ಲ. ಪಾಲುದಾರರಲ್ಲಿ ಇಬ್ಬರು ಕೊಂಡುಬಿಡೋಣ ಎಂದರು. ನನಗೆ ಅನುಮಾನ ಹುಟ್ಟಿಸಿದ್ದು ಆ ಬೆಲೆಯೇ: ಒಂದು ಟನ್ ಹೊಗೆಯನ್ನು ತಡೆಯುವ ಕೆಲಸ ಒಂದು ಕ್ರೇಟು ಟೊಮೆಟೊಗಿಂತ ಅಗ್ಗವಾಗುವುದು ಹೇಗೆ?

ಕ್ರೆಡಿಟ್‌ನ ಕ್ರಮಸಂಖ್ಯೆ ಕೊಡಿ ಎಂದು ಕೇಳಿದೆ. ಕೊಡಲು ಅವರು ಒಂಬತ್ತು ದಿನ ತೆಗೆದುಕೊಂಡರು. ಇದನ್ನು ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಕೇಳಬೇಕು, ಏಕೆಂದರೆ ಕ್ರೆಡಿಟ್‌ಗಳನ್ನು ನೋಂದಾಯಿಸಿಡುವ ರಿಜಿಸ್ಟ್ರಿಗಳ ದಾಖಲೆ ಸಾರ್ವಜನಿಕವಾಗಿದ್ದು, ಕ್ರಮಸಂಖ್ಯೆ ಗೊತ್ತಿದ್ದರೆ ಯೋಜನೆ ಯಾವುದು, ಎಲ್ಲಿಯದು, ಯಾವ ವರ್ಷದ ಉಳಿತಾಯ, ಅದು ಈಗಾಗಲೇ ಯಾರದಾದರೂ ಹೆಸರಿನಲ್ಲಿ ರದ್ದಾಗಿದೆಯೇ, ಅಂದರೆ ಬಳಕೆಯಾಗಿ ಮುಗಿದಿದೆಯೇ ಎಂಬುದನ್ನು ಮನೆಯಲ್ಲಿ ಕೂತೇ ನೋಡಬಹುದು. ಕ್ರೆಡಿಟ್ ರದ್ದಾಗದಿದ್ದರೆ, ಅದನ್ನೇ ನಾಳೆ ಇನ್ನೊಬ್ಬರಿಗೂ ಮಾರಬಹುದು. ನಮ್ಮ ಕೈಯಲ್ಲಿರುವುದು ಬಣ್ಣದ ಕಾಗದ ಮಾತ್ರ. ನಮಗೆ ತೋರಿಸಿದ ಕ್ರೆಡಿಟ್ ಹೊರರಾಜ್ಯದ ಪವನ ವಿದ್ಯುತ್ ಯೋಜನೆಯೊಂದರದು, 2014ರ ಉಳಿತಾಯ. ಅಂದರೆ ನಮ್ಮ ಟೆಂಪೊ ಈ ವರ್ಷ ಉಗುಳಿದ ಹೊಗೆಯನ್ನು, ನಾವು ಕಂಪನಿ ಕಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬೀಸಿದ ಗಾಳಿ ಸರಿದೂಗಿಸಬೇಕಿತ್ತು.

ಹಳೆಯದು ಎಂಬುದೊಂದೇ ದೋಷವಲ್ಲ. ಕ್ರೆಡಿಟ್ ಎಂದರೆ ಒಂದು ವ್ಯತ್ಯಾಸ. ಒಂದು ಕಡೆ ನಡೆದದ್ದು ಇದೆ, ಇನ್ನೊಂದು ಕಡೆ ಈ ಹಣ ಬಾರದೇ ಹೋಗಿದ್ದರೆ ನಡೆಯುತ್ತಿದ್ದದ್ದು ಇದೆ. ಎರಡರ ನಡುವಿನ ಅಂತರವೇ ಮಾರಾಟದ ಸರಕು. ಮೊದಲನೆಯದನ್ನು ಮೀಟರು ಇಟ್ಟು ಅಳೆಯಬಹುದು. ಎರಡನೆಯದು ನಡೆಯಲೇ ಇಲ್ಲವಾದ್ದರಿಂದ ಅದನ್ನು ಅಳೆಯಲು ಯಾವ ಮೀಟರೂ ಇಲ್ಲ. ಆ ಗಾಳಿಯಂತ್ರಗಳು ತಿರುಗಿದವು, ವಿದ್ಯುತ್ ಕೊಟ್ಟವು, ಅದರಲ್ಲಿ ಸುಳ್ಳಿಲ್ಲ. ಆದರೆ ಕ್ರೆಡಿಟ್ ಹಣವಿಲ್ಲದಿದ್ದರೂ ಅವು ಏಳುತ್ತಿದ್ದವೇ? ಭಾರತದ ಪವನ ವಿದ್ಯುತ್ ಯೋಜನೆಗಳನ್ನೇ ಆಯ್ದುಕೊಂಡು ರಾಫೆಲ್ ಕಲೆಲ್ ಮತ್ತು ಸಂಗಡಿಗರು 2021ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಭಿವೃದ್ಧಿಶೀಲ ದೇಶಗಳ ಯೋಜನೆಗಳಿಗೆ ಕ್ರೆಡಿಟ್ ಕೊಡುತ್ತಿದ್ದ, ಕ್ಯೋಟೊ ಹವಾಮಾನ ಒಪ್ಪಂದದ ಸಿಡಿಎಂ ವ್ಯವಸ್ಥೆಯಡಿ ಮಂಜೂರಾದ ಆಫ್‌ಸೆಟ್‌ಗಳಲ್ಲಿ, ಅಂದರೆ ಇಂಥ ಕ್ರೆಡಿಟ್‌ಗಳಲ್ಲಿ, ಕನಿಷ್ಠ ಶೇಕಡ 52ರಷ್ಟು, ಹೇಗೂ ನಿರ್ಮಾಣವಾಗುತ್ತಿದ್ದ ಯೋಜನೆಗಳ ಪಾಲಾಗಿದ್ದವು. ಸೌರ, ಪವನ ವಿದ್ಯುತ್ ತಾನಾಗಿಯೇ ಲಾಭ ತರತೊಡಗಿದ್ದರಿಂದ, ಅತಿ ಹಿಂದುಳಿದ ದೇಶಗಳನ್ನು ಬಿಟ್ಟು ಉಳಿದೆಡೆ ಗ್ರಿಡ್ಡಿಗೆ ಸೇರುವ ಹೊಸ ಯೋಜನೆಗಳನ್ನು ಕ್ರೆಡಿಟ್‌ಗಳಿಗೆ ಮಾನ್ಯತೆ ನೀಡುವ ವೆರಾ ಮತ್ತು ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆಗಳು 2020ರ ಹೊತ್ತಿಗೇ ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. 2024ರ ಆಗಸ್ಟಿನಲ್ಲಿ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಯ ಗುಣಮಟ್ಟ ನಿರ್ಧರಿಸುವ ಮಂಡಳಿಯು ನವೀಕರಿಸಬಹುದಾದ ವಿದ್ಯುತ್ತಿನ ಕ್ರೆಡಿಟ್ ಎಣಿಸುವ ಹಳೆಯ ಲೆಕ್ಕವಿಧಾನಗಳಿಗೆ ತನ್ನ ಮುದ್ರೆ ಕೊಡುವುದಿಲ್ಲವೆಂದಿತು. ಅದುವರೆಗೆ ರದ್ದಾಗದೆ ಉಳಿದಿದ್ದ ಸುಮಾರು 23.6 ಕೋಟಿ ಕ್ರೆಡಿಟ್‌ಗಳು ಆ ಒಂದು ತೀರ್ಮಾನದಿಂದ ಹೊರಗುಳಿದವು. ತೊಂಬತ್ತು ರೂಪಾಯಿಯ ಗುಟ್ಟು ಇಲ್ಲಿದೆ.

ಹಾಗಾದರೆ ಮರ? ಶ್ರೀನಿವಾಸಪುರದ ಕಡೆ ನನ್ನ ಸೋದರಮಾವನವರಿಗೆ ಆರು ಎಕರೆ ಮಾವಿನ ತೋಪಿದೆ. ಕಾರು ಇಳಿದು ಬಂದ ಇಬ್ಬರು ಯುವಕರು ಫೋನಿನಲ್ಲಿ ಪ್ರತಿ ಮರದ ಫೋಟೊ ತೆಗೆದುಕೊಂಡು, ಇನ್ನು ಮುಂದೆ ಇಂಗಾಲದ ಹಣ ಬರುತ್ತದೆಂದು ಹೇಳಿ ಸಹಿ ಮಾಡಿಸಿಕೊಳ್ಳಲು ನೋಡಿದರಂತೆ. ಮಾವ ಅವರನ್ನು ಕೇಳಿದ್ದು ಒಂದೇ ಮಾತು: "ಇದು ನಮ್ಮಪ್ಪ ಹಾಕಿದ ತೋಪಪ್ಪ, ನೀವು ಬಂದಿದ್ದಕ್ಕೆ ಇದರಲ್ಲಿ ಹೊಸದೇನು ಬೆಳೀತು?" ಆಫ್‌ಸೆಟ್ ಕುರಿತು ನಾನು ಓದಿದ ಅಷ್ಟೂ ವರದಿಗಳಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆ ಸಿಗಲಿಲ್ಲ. ಹೊಸದಾಗಿ ನೆಟ್ಟರೂ ಇನ್ನೊಂದು ತೊಡಕಿದೆ. ಡೀಸೆಲ್ ಸುಟ್ಟಾಗ ಹೊರಬಿದ್ದ ಇಂಗಾಲ ನೂರಾರು ವರ್ಷ ವಾತಾವರಣದಲ್ಲಿ ಉಳಿಯುತ್ತದೆ. ಮರ ಹಿಡಿದಿಟ್ಟದ್ದು ಮರ ನಿಂತಿರುವ ತನಕ. ಎರಡು ವರ್ಷ ಮಾವಿಗೆ ಬೆಲೆ ಬೀಳಲಿ, ಅಥವಾ ರಸ್ತೆ ಪಕ್ಕದ ಜಮೀನನ್ನು ಲೇಔಟಿನವರು ಕೇಳಲಿ, ಗರಗಸ ಬರುವುದಕ್ಕೆ ಹೆಚ್ಚು ದಿನ ಬೇಡ. ನಲವತ್ತು ವರ್ಷದ ಕರಾರಿಗೆ ಸಹಿ ಹಾಕು ಎಂದು ಮುಂದಿನ ಮುಂಗಾರನ್ನೇ ನೆಚ್ಚಲಾಗದ ರೈತನಿಗೆ ಹೇಳುವುದರಲ್ಲಿ ಏನೋ ಸರಿಯಿಲ್ಲ.

ಮೂರನೆಯ ಆಯ್ಕೆ ನಮ್ಮ ಜಿಲ್ಲೆಯದೇ ಆಗಿದ್ದರಿಂದ ಅದರ ಮೇಲೆ ನನಗೆ ಹೆಚ್ಚು ಆಸೆಯಿತ್ತು. ಬಾಗೇಪಲ್ಲಿಯ ಕೂಲಿಕಾರರ ಸಂಘ ಇನ್ನೂ ಅವಿಭಜಿತ ಕೋಲಾರ ಜಿಲ್ಲೆಯ ಕಾಲದಲ್ಲಿ, 2005ರ ಡಿಸೆಂಬರಿನಲ್ಲಿ, 5,500 ಬಡ ಕುಟುಂಬಗಳಿಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಸುವ ಯೋಜನೆಯನ್ನು ಸಿಡಿಎಂ ಅಡಿ ನೋಂದಾಯಿಸಿತ್ತು. ಸಿಡಿಎಂನ ತೀರ ಮೊದಲ ದಿನಗಳ ಯೋಜನೆಗಳಲ್ಲಿ ಅದೂ ಒಂದು. ಕೂಲಿ ಮಾಡುವ ಮನೆಯವರು ತಮ್ಮ ಹಣದಿಂದ ಗೋಬರ್ ಗ್ಯಾಸ್ ಗುಮ್ಮಟ ಕಟ್ಟಿಸಿಕೊಳ್ಳುತ್ತಿರಲಿಲ್ಲವೆಂಬುದು ಯಾರಿಗೂ ಗೊತ್ತಾಗುವ ಸಂಗತಿ. ಹಾಗಾಗಿ ಮಾವನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಗಾಳಿಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದೇ ಎಲ್ಲವೂ.

ಆದರೂ ಒಂದು ಗೋಬರ್ ಗ್ಯಾಸ್ ಘಟಕ ವರ್ಷಕ್ಕೆ ಎಷ್ಟು ಟನ್ ಉಳಿಸುತ್ತದೆ ಎಂಬುದನ್ನು ಬರೆಯುವಾಗ ಪೆನ್ನು ಎಷ್ಟು ಸುಲಭವಾಗಿ ಜಾರುತ್ತದೆಂದು ನೋಡಲು ಒಂದು ಭಾನುವಾರ ಲೆಕ್ಕಕ್ಕೆ ಕುಳಿತೆ. ದಿನಕ್ಕೆ ಐದು ಕಿಲೋ ಸೌದೆ ಸುಡುವ ಮನೆ ವರ್ಷಕ್ಕೆ 1,825 ಕಿಲೋ ಸುಡುತ್ತದೆ. ಕಿಲೋಗೆ ಸುಮಾರು 1.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದರೂ 3.1 ಟನ್. ಇಷ್ಟನ್ನೂ ಉಳಿತಾಯವೆಂದು ಬರೆಯುವಂತಿಲ್ಲ, ಏಕೆಂದರೆ ಸುಟ್ಟ ಸೌದೆಯಲ್ಲಿ ಮತ್ತೆ ಚಿಗುರಿ ಬೆಳೆಯುವ ಭಾಗ ತಾನು ಬಿಟ್ಟ ಇಂಗಾಲವನ್ನು ತಾನೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ಮತ್ತೆ ಬೆಳೆಯದ ಪಾಲು ಎಷ್ಟು ಎಂಬುದೇ ಇಡೀ ಲೆಕ್ಕದ ಕೀಲಿ. ಹಳೆಯ ಯೋಜನೆಗಳಲ್ಲಿ ಹಲವು ಅದನ್ನು ಶೇಕಡ 80ಕ್ಕೂ ಮೇಲೆ ಹಿಡಿದಿದ್ದವು. ನಮ್ಮ ಸೀಮೆಯ ಒಲೆಯೊಳಗೆ ಇಣುಕಿ ನೋಡಿ: ಅಲ್ಲಿ ಇರುವುದು ಕಾಡಿನ ಮರವಲ್ಲ, ಬೆಳೆ ಮುಗಿದ ಮೇಲೆ ಹೊಲದಿಂದ ಕಿತ್ತು ತಂದ, ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟ ಕಡ್ಡಿ, ಬೇಲಿಯ ಜಾಲಿ, ತೆಂಗಿನ ಗರಿ. ಆ ಕಡ್ಡಿಯಾದರೂ ನೀಲಗಿರಿಯದು, ಕಡಿದ ಬುಡದಿಂದಲೇ ಮತ್ತೆ ಏಳುವ ಜಾತಿ. ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿದ ಮೇಲೂ ಹಳೆಯ ಬುಡಗಳು ಚಿಗುರುವುದನ್ನು ಬಿಟ್ಟಿಲ್ಲ. ಹಾಗಾಗಿ ಮತ್ತೆ ಬೆಳೆಯದ ಪಾಲನ್ನು ಶೇಕಡ 85 ಎಂದರೆ ಉಳಿತಾಯ 2.6 ಟನ್, ಶೇಕಡ 30 ಎಂದರೆ ಒಂದು ಟನ್ನಿಗೂ ಕಡಿಮೆ. ಒಲೆ ಅದೇ, ಸಗಣಿ ಅದೇ, ಕಾಗದದ ಮೇಲಿನ ಟನ್ ಮಾತ್ರ ಮೂರು ಪಟ್ಟು ಹಿಗ್ಗುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಸುಧಾರಿತ ಒಲೆಗಳ ಯೋಜನೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ನೋಡಿದ ಯೋಜನೆಗಳಿಗೆ ಸಲ್ಲಬೇಕಾದುದರ ಒಂಬತ್ತು ಪಟ್ಟಿಗಿಂತ ಹೆಚ್ಚು ಕ್ರೆಡಿಟ್ ಸಂದಿದೆ ಎಂದು ಹೇಳಿದ್ದಾರೆ. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಸೌದೆಯ ಈ ಪಾಲು ಮುಖ್ಯವಾದುದು.

ಕಾಲವೂ ಲೆಕ್ಕವನ್ನು ಬದಲಿಸುತ್ತದೆ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಸೌದೆ ಒಲೆಯ ಪಕ್ಕದಲ್ಲಿ ಸಿಲಿಂಡರೂ ಬಂದು ಕೂತಿದೆ. ಗೋಬರ್ ಗ್ಯಾಸ್ ಉರಿಸಿದ ಮನೆ ಉಳಿಸುವುದು ಸೌದೆಯನ್ನಲ್ಲ, ತಿಂಗಳಿಗೊಂದು ಸಿಲಿಂಡರನ್ನು ಎಂದಾದರೆ, 14.2 ಕಿಲೋದ ಹನ್ನೆರಡು ಸಿಲಿಂಡರುಗಳಿಂದ ವರ್ಷಕ್ಕೆ ಬರುವ ಉಳಿತಾಯ ಅರ್ಧ ಟನ್ ಅಷ್ಟೆ. ಇನ್ನು ಸೋರಿಕೆ. ಎರಡು ಘನ ಮೀಟರಿನಲ್ಲಿ ಹತ್ತರಲ್ಲೊಂದು ಪಾಲು ಅನಿಲ ಬಿರುಕಿನಿಂದ ದಿನವೂ ಹೊರಹೋದರೆ ವರ್ಷಕ್ಕೆ ಸುಮಾರು 29 ಕಿಲೋ ಮೀಥೇನ್; ನೂರು ವರ್ಷದ ಲೆಕ್ಕದಲ್ಲಿ ಮೀಥೇನ್‌ಗೆ 28 ಪಟ್ಟು ಬಲವಿರುವುದರಿಂದ ಅದು 0.8 ಟನ್ನಿಗೆ ಸಮ. ಸಿಲಿಂಡರು ಉಳಿಸಿದ್ದಕ್ಕಿಂತ ಹೆಚ್ಚು ಬಿರುಕು ಕಳೆದುಹಾಕಿತು.

ಬಾಗೇಪಲ್ಲಿ ರಸ್ತೆಯ ಹಳ್ಳಿಯೊಂದರಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ಅವರ ಹಿತ್ತಲಿನ ಗುಮ್ಮಟಕ್ಕೂ ಯಾವ ಕ್ರೆಡಿಟ್‌ಗೂ ಸಂಬಂಧವಿಲ್ಲ, ಹಳೆಯದೊಂದು ಸಹಾಯಧನದಲ್ಲಿ ಕಟ್ಟಿಸಿದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಬೆಳಗ್ಗೆ ಸಗಣಿ ಕಲಸಿ ಬಗ್ಗಡ ಮಾಡಿ ತೊಟ್ಟಿಗೆ ಸುರಿಯುವ ಕೆಲಸ ನನ್ನದಾಗಿತ್ತು. ಒಲೆ ಹಚ್ಚಿದರೆ ಸದ್ದೇ ಇಲ್ಲದ ನೀಲಿ ಉರಿ, ಅದರ ಮೇಲೆ ಮುದ್ದೆಯ ಎಸರು. ಈ ಲೆಕ್ಕಗಳ ಗುಂಗಿನಲ್ಲಿ ಕಳೆದ ವರ್ಷ ಅಲ್ಲಿಗೆ ಹೋದಾಗ ತೊಟ್ಟಿಯ ತುಂಬ ಒಣ ಎಲೆ, ಗುಮ್ಮಟದ ಮೇಲೆ ಹಪ್ಪಳ ಒಣಹಾಕಿದ್ದರು. "ಕೊಳವೆ ತೂತಾಗಿ ಮೂರು ವರ್ಷಾಯ್ತಪ್ಪ, ಗಾರೆಯೋನು ಬರ್ತೀನಿ ಬರ್ತೀನಿ ಅಂತಾನೆ, ಬರಲ್ಲ" ಎಂದರು. ದನದ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು ನಿಂತಿದ್ದವು, ಸಗಣಿ ತಿಪ್ಪೆಗೆ ಹೋಗುತ್ತಿತ್ತು, ಕೆಟ್ಟಿದ್ದದ್ದು ಕೆಲವು ಅಡಿ ಕೊಳವೆ ಮತ್ತು ಕುತ್ತಿಗೆಯ ಬಳಿಯ ಒಂದು ಬಿರುಕು. ಯಾವುದೋ ಕಚೇರಿಯ ಕಡತದಲ್ಲಿ ಆ ಘಟಕ ಇಂದಿಗೂ ಉರಿಯುತ್ತಿರಬಹುದು. ಘಟಕ ಕಟ್ಟಿದ್ದು ಸತ್ಯ, ಹಣ ತಲುಪಿದ್ದು ಸತ್ಯ, ಆದರೆ ಇವತ್ತು ಬೆಳಗ್ಗೆ ಒಲೆ ಉರಿಯಿತೇ ಎಂಬುದನ್ನು ಕೇಳುವವರು ಬೇಕು. ನೂರು ಕ್ರೆಡಿಟ್ ಕೊಳ್ಳುವ ನಮ್ಮಂಥ ಕಂಪನಿ ಕೀನ್ಯಾದ ಒಲೆಯನ್ನೋ ಬ್ರೆಜಿಲ್‌ನ ಕಾಡನ್ನೋ ಹೋಗಿ ನೋಡಲಾರದು. ಪರಿಶೀಲಕರ ವರದಿಯನ್ನು ನಂಬಬೇಕು. ಆ ಪರಿಶೀಲಕರಿಗೆ ಶುಲ್ಕ ಕೊಡುವುದು ಕ್ರೆಡಿಟ್ ಮಾರುವವರೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ನಂಬಬೇಕು.

ಇಷ್ಟಾದ ಮೇಲೆ ಕಣ್ಣು ನಮ್ಮ ಶೆಡ್ಡಿನ ಕಡೆಗೇ ತಿರುಗಿತು. ಡ್ರೈಯರ್ ಬಾಗಿಲಿನ ರಬ್ಬರ್ ಪಟ್ಟಿ ಸವೆದು ಬಿಸಿಗಾಳಿ ಹೊರಬರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು, ಚಳಿಗಾಲದಲ್ಲಿ ಹುಡುಗರು ಅಲ್ಲೇ ನಿಂತು ಕೈ ಕಾಯಿಸಿಕೊಳ್ಳುತ್ತಿದ್ದರು. ಹೊಸ ಪಟ್ಟಿಗೆ 4,800 ರೂಪಾಯಿ ಬಿತ್ತು. ತಿಂಗಳಿಗೆ 500 ಯೂನಿಟ್ ಇಳಿಯಿತು. ವರ್ಷಕ್ಕೆ ನಾಲ್ಕು ಟನ್ನಿಗೂ ಹೆಚ್ಚು, ಬಿಲ್ಲಿನಲ್ಲಿ 42,000 ರೂಪಾಯಿ ಉಳಿತಾಯ. ಇದಕ್ಕೆ ಯಾವ ರಿಜಿಸ್ಟ್ರಿಯೂ ಬೇಡ, ಮೀಟರು ಸಾಕು. ಸೂರಿನ ಮೇಲೆ ಸೋಲಾರ್ ಹಾಕಿಸುವುದು ಮಾತ್ರ ಅಷ್ಟು ಸಲೀಸಾಗಲಿಲ್ಲ, ಏಕೆಂದರೆ ಸೂರು ನಮ್ಮದಲ್ಲ. ಬಾಡಿಗೆ ಶೆಡ್ಡಿನ ಸ್ಟಾರ್ಟಪ್‌ಗಳ ಈ ಕಷ್ಟವನ್ನು ಸಲಹೆಗಾರರು ಎಲ್ಲಿಯೂ ಬರೆಯುವುದಿಲ್ಲ. ಕರಾರನ್ನು ಹತ್ತು ವರ್ಷಕ್ಕೆ ವಿಸ್ತರಿಸಿದರೆ ಗಟ್ಟಿಯಾದ ಅರ್ಧ ಭಾಗದ ಮೇಲೆ ಹಾಕಿಕೊಳ್ಳಿ ಎಂದು ಮಾಲೀಕರು ಒಪ್ಪಿದ್ದಾರೆ. ಅಲ್ಲಿ ಹಿಡಿಯುವುದು 25 ಕಿಲೋವ್ಯಾಟ್, ವರ್ಷಕ್ಕೆ ಸುಮಾರು 35,000 ಯೂನಿಟ್, ಅಂದರೆ 25 ಟನ್. ನಮಗೆ ಬಂದ ದರಪಟ್ಟಿ ಹನ್ನೆರಡೂವರೆ ಲಕ್ಷ. ಏಳು ಸಾವಿರದ ಮುಂದೆ ಇದು ದುಬಾರಿ ಎಂದು ಕಂಡರೂ, ಈ ಹನ್ನೆರಡೂವರೆ ಲಕ್ಷ ಐದಾರು ವರ್ಷದಲ್ಲಿ ಬಿಲ್ಲಿನ ಮೂಲಕ ಹಿಂದಿರುಗುತ್ತದೆ, ಆ ಏಳು ಸಾವಿರ ಎಂದೂ ಹಿಂದಿರುಗುವುದಿಲ್ಲ. ಬ್ಯಾಂಕಿನ ಸಾಲ ಇನ್ನೂ ಮಂಜೂರಾಗಿಲ್ಲ.

ಪಾಲುದಾರರಿಗೆ ನಾನು ಹೇಳಲು ಕಷ್ಟಪಟ್ಟ ಮಾತೊಂದಿದೆ. ಆ 79 ಟನ್ನು ನಮ್ಮ ಗೇಟಿನೊಳಗಿನ ಲೆಕ್ಕ ಮಾತ್ರ. ನಮ್ಮ ಟೊಮೆಟೊ ಸಾವಿರ ಅಡಿ ಆಳದ ಕೊಳವೆಬಾವಿಯ ನೀರು ಕುಡಿದು ಬೆಳೆದದ್ದು. ಅಷ್ಟು ಆಳದಿಂದ ಸಾವಿರ ಲೀಟರ್ ನೀರೆತ್ತಲು ಸುಮಾರು ಎರಡು ಯೂನಿಟ್ ವಿದ್ಯುತ್ ಬೇಕು. ಹೊಲಕ್ಕೆ ಹಾಕಿದ ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾದದ್ದು. ಇವನ್ನೆಲ್ಲ ಗೇಟಿನ ಹೊರಗೆ ಬಿಟ್ಟು, ಒಳಗಿನ 79ನ್ನು ಹಳೆಯ ಗಾಳಿಯಿಂದ ತೂಗಿ, ಪೊಟ್ಟಣದ ಮೇಲೆ ಕಾರ್ಬನ್ ನ್ಯೂಟ್ರಲ್ ಎಂದು ಅಚ್ಚು ಹಾಕಿಸುವುದು ನನಗೆ ಸಾಧ್ಯವಿರಲಿಲ್ಲ. ಕಾನೂನೂ ಈಗ ಬಿಗಿಯಾಗಿದೆ: ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಇಂಥ ಪದಗಳನ್ನು ಆಧಾರ ಮತ್ತು ವಿವರಣೆ ಇಲ್ಲದೆ ಬಳಸುವಂತಿಲ್ಲ. ನಮ್ಮದೇ ದೇಶದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ 2023ರಲ್ಲಿ ಅಧಿಸೂಚನೆಯಾಗಿದೆ. ಅದು ಚೆನ್ನಾಗಿ ನೆಲೆಯೂರಿದರೆ ನನ್ನ ಅಭಿಪ್ರಾಯ ಬದಲಾಗಲೂಬಹುದು.

ಹದಿನೇಳನೆಯ ಪ್ರಶ್ನೆಗೆ "ಇಲ್ಲ" ಎಂದು ಬರೆದು, ಕೆಳಗೆ 79 ಟನ್ನಿನ ವಿವರವನ್ನೂ, ಡ್ರೈಯರಿನ ಮೀಟರು ಓದಿಕೆಯನ್ನೂ, ನಾವು ಲೆಕ್ಕಕ್ಕೆ ಹಿಡಿಯದ ಹೊಲದ ಭಾಗವನ್ನೂ ಸೇರಿಸಿದೆ. ಗಿರಾಕಿ ಕಂಪನಿಯವರು ಫೋನ್ ಮಾಡಿ ಕೇಳಿದ್ದು ಡ್ರೈಯರಿನ ಬಗ್ಗೆ. ಅವರ ಇನ್ನಿಬ್ಬರು ಪೂರೈಕೆದಾರರಲ್ಲಿಯೂ ಅದೇ ಮಾದರಿಯ ಯಂತ್ರ ಇತ್ತಂತೆ.

ಆಫ್‌ಸೆಟ್‌ಗೆಂದು ಪಾಲುದಾರರು ಒಪ್ಪಿದ್ದ 7,110 ರೂಪಾಯಿಗೆ ಇನ್ನಷ್ಟು ಸೇರಿಸಿ, ನಮಗೆ ಟೊಮೆಟೊ ಹಾಕುವ ರೈತರ ಮನೆಗಳಲ್ಲಿ ಕೆಟ್ಟುನಿಂತ ಆರು ಗೋಬರ್ ಗ್ಯಾಸ್ ಘಟಕಗಳಿಗೆ ಹೊಸ ಕೊಳವೆ ಹಾಕಿಸಿ, ಬಿರುಕು ಮುಚ್ಚಿಸಿದೆವು. ದೊಡ್ಡಮ್ಮನದು ಏಳನೆಯದು, ಅದರ ಖರ್ಚು ನನ್ನದು. ಇದರಿಂದ ಇಷ್ಟು ಟನ್ ಉಳಿಯಿತೆಂದು ನಾವು ಎಲ್ಲಿಯೂ ಹೇಳಿಕೊಂಡಿಲ್ಲ. ಆಡಿಟರು ಈ ಖರ್ಚನ್ನು ಯಾವ ಬಾಬ್ತಿನಲ್ಲಿ ತೋರಿಸಲಿ ಎಂದು ಕೇಳಿದಾಗ ರಿಪೇರಿ ಎಂದೇ ಬರೆಯಿರಿ ಎಂದೆ. ಐದು ತಿಂಗಳಾದ ಮೇಲೆ ಸುತ್ತಿ ಬಂದೆ: ಕಂಪನಿಯ ಆರರಲ್ಲಿ ನಾಲ್ಕು ಉರಿಯುತ್ತಿವೆ, ಒಂದು ಮನೆಯವರು ಮಗಳ ಮದುವೆಗೆ ಹಸು ಮಾರಿದ್ದಾರೆ, ಇನ್ನೊಂದರ ತೊಟ್ಟಿಗೆ ಮತ್ತೆ ಎಲೆ ಬಿದ್ದಿತ್ತು, ಕೇಳಿದರೆ ಸಿಲಿಂಡರಿನ ಉರಿ ಜೋರು ಎಂದರು. ದೊಡ್ಡಮ್ಮನ ಗುಮ್ಮಟದ ಮೇಲೆ ಈಗಲೂ ಹಪ್ಪಳ ಒಣಗುತ್ತದೆ, ಆದರೆ ನಾನು ಹೋದ ದಿನ ಒಳಗೆ ಎಸರು ಕುದಿಯುತ್ತಿತ್ತು.